ಚಳಿಗಾಲದ ವಿಶ್ರಾಂತಿ: ಕಲಾವಿದರಿಗೆ ನಷ್ಟವೋ, ಲಾಭವೋ?

ಚಳಿಗಾಲ ಬಂತೆಂದರೆ ನೆಗಡಿ, ಕೆಮ್ಮು, ಗಂಟಲುನೋವು, ಕೀಲುನೋವು ಮನೆಮನೆಗೂ ಬರುತ್ತವೆ. ಹಾಡುವವರು, ಚಿತ್ರ ಬರೆಯುವವರು, ನೃತ್ಯ ಮಾಡುವವರು ಮನೆಯಲ್ಲಿದ್ದರೆ ಇದರ ಜೊತೆಗೆ ಇನ್ನೊಂದು ಚಿಂತೆ ಸೇರಿಕೊಳ್ಳುತ್ತದೆ. ಕಂಠ, ಕೈ, ಕಾಲುಗಳೇ ಇವರ ಬಂಡವಾಳ. ಒಂದು ವಾರ ಅಭ್ಯಾಸ ತಪ್ಪಿದರೆ ಕಲೆಯೇ ಕೈಬಿಟ್ಟು ಹೋದೀತೆಂಬ ಭಯ. ಆದ್ದರಿಂದ ಜ್ವರವಿದ್ದರೂ ಸಾಧಕ ಬಿಡದವರು, ಕಾಯಿಲೆ ಪೂರ್ತಿ ಗುಣವಾಗುವ ಮೊದಲೇ ಕುಂಚ ಹಿಡಿಯುವವರು ಅನೇಕ. ಈ ಭಯ ಸರಿಯೇ? ಫ್ರಾನ್ಸಿನ ಪ್ರಸಿದ್ಧ ಚಿತ್ರಕಾರ ಹೆನ್ರಿ ಮತೀಸ್ (1869-1954) ಅವರ ಜೀವನ ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುತ್ತದೆ.

ಹಾಸಿಗೆಯಲ್ಲಿ ಸಿಕ್ಕಿದ ಬಣ್ಣ

ಮತೀಸ್ ಕಾನೂನು ಓದಿ, ವಕೀಲರ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಸುಮಾರು ಇಪ್ಪತ್ತರ ವಯಸ್ಸಿನಲ್ಲಿ ಅಪೆಂಡಿಸೈಟಿಸ್ ಆಗಿ ಬಹುದಿನ ಮಲಗಬೇಕಾಯಿತು. ಹೊತ್ತು ಹೋಗಲೆಂದು ತಾಯಿ ಒಂದು ಬಣ್ಣದ ಪೆಟ್ಟಿಗೆ ತಂದುಕೊಟ್ಟರು. ಅಲ್ಲಿಂದ ಅವರ ದಾರಿಯೇ ಬದಲಾಯಿತು.

ಮುಂದೆ 1917ರ ಡಿಸೆಂಬರಿನಲ್ಲಿ, ಶ್ವಾಸನಾಳದ ಉರಿಯೂತದಿಂದ ಬಳಲಿದ್ದ ಅವರು ದಕ್ಷಿಣ ಫ್ರಾನ್ಸಿನ ಸಮುದ್ರತೀರದ ನೀಸ್ ನಗರಕ್ಕೆ ಹೋದರು. ಮೊದಲಿಗೆ ಬಿಡದೆ ಮಳೆ. ಬೇಸತ್ತು ಹೊರಡಲು ಸಿದ್ಧರಾದಾಗ ಆಕಾಶ ತಿಳಿಯಾಯಿತು. ಅಲ್ಲಿನ ಬೆಳಕಿಗೆ ಮಾರುಹೋಗಿ ಅವರು ಉಳಿದುಕೊಂಡರು. ನಂತರದ ವರ್ಷಗಳ ಚಳಿಗಾಲಗಳನ್ನು ಬಹುಪಾಲು ಅಲ್ಲೇ ಕಳೆದರು. ಕಿಟಕಿ, ಪರದೆ, ಬಿಸಿಲು ತುಂಬಿದ ಕೋಣೆಗಳ ಅವರ ಚಿತ್ರಗಳು ಹುಟ್ಟಿದ್ದು ಹೀಗೆ.

ಎಲ್ಲಕ್ಕಿಂತ ಕಠಿಣವಾದ ಚಳಿಗಾಲ 1941ರದು. ಆ ಜನವರಿಯಲ್ಲಿ, 71ನೇ ವಯಸ್ಸಿನಲ್ಲಿ, ಕರುಳಿನ ಕ್ಯಾನ್ಸರಿಗಾಗಿ ಲಿಯೋನ್ ನಗರದಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ನಡೆಯಿತು. ಬಳಿಕ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಸೇರಿ ಪ್ರಾಣಕ್ಕೇ ಸಂಚಕಾರ ಬಂದಿತ್ತು. ಬದುಕಿದರು, ಆದರೆ ಹೆಚ್ಚು ಹೊತ್ತು ನಿಂತು ಚಿತ್ರ ಬರೆಯುವ ಶಕ್ತಿ ಉಳಿಯಲಿಲ್ಲ. ಆಗ ಅವರು ಕತ್ತರಿ ಹಿಡಿದರು. ಸಹಾಯಕರು ಕಾಗದಕ್ಕೆ ಬಣ್ಣ ಬಳಿದುಕೊಡುತ್ತಿದ್ದರು. ಮತೀಸ್ ಹಾಸಿಗೆಯಲ್ಲೋ ಗಾಲಿಕುರ್ಚಿಯಲ್ಲೋ ಕುಳಿತು ಅದನ್ನು ಬೇಕಾದ ಆಕಾರಕ್ಕೆ ಕತ್ತರಿಸುತ್ತಿದ್ದರು. ಮೊದಲು ದೊಡ್ಡ ಚಿತ್ರಗಳ ನಕ್ಷೆಗಾಗಿ ಮಾತ್ರ ಬಳಸಿದ್ದ ಈ ವಿಧಾನವೇ ಅವರ ಮುಖ್ಯ ಕಲೆಯಾಯಿತು. 20 ಚಿತ್ರಗಳ 'ಜಾಜ್' ಪುಸ್ತಕ 1947ರಲ್ಲಿ ಹೊರಬಂತು. ಶಸ್ತ್ರಚಿಕಿತ್ಸೆಯ ಅನಂತರ ಅವರು ಬದುಕಿದ್ದು ಸುಮಾರು 14 ವರ್ಷ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಾಯಿಲೆಯೇ ವರವಲ್ಲ. ಮತೀಸ್ ಅವರನ್ನು ಉಳಿಸಿದ್ದು ಚಿಕಿತ್ಸೆ, ಆರೈಕೆ ಮತ್ತು ಇನ್ನೊಬ್ಬರ ನೆರವನ್ನು ಒಪ್ಪಿಕೊಂಡ ಮನಸ್ಸು. ದೇಹ ಎಷ್ಟಕ್ಕೆ ಒಪ್ಪುತ್ತದೋ ಅಷ್ಟರಲ್ಲೇ ಅವರು ಕೆಲಸ ಕಂಡುಕೊಂಡರು.

ಬೆಳಕು ಮತ್ತು ನಿದ್ರೆ

ನಮ್ಮ ಮೆದುಳಿನಲ್ಲಿ ಒಂದು ಗಡಿಯಾರವಿದೆ. ಬೆಳಗಿನ ಬೆಳಕು ಕಣ್ಣಿನ ಮೂಲಕ ಅದಕ್ಕೆ ಸಮಯ ತಿಳಿಸುತ್ತದೆ. ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸಿ ನಿದ್ರೆಗೆ ಅಣಿಮಾಡುತ್ತದೆ. ಪ್ಯಾರಿಸ್‌ನಲ್ಲಿ ಚಳಿಗಾಲದ ಅತಿ ಚಿಕ್ಕ ಹಗಲು ಎಂಟು ಗಂಟೆ ಚಿಲ್ಲರೆ ಮಾತ್ರ. ಇಂಥ ನಾಡುಗಳಲ್ಲಿ ಚಳಿಗಾಲದಲ್ಲಿ ಕೆಲವರನ್ನು ಖಿನ್ನತೆ ಕಾಡುತ್ತದೆ. ವೈದ್ಯರು 1984ರಲ್ಲಿ ಇದನ್ನು ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದರು. ಬೆಂಗಳೂರಿನಲ್ಲಿ ಡಿಸೆಂಬರಿನ ಹಗಲೂ ಹನ್ನೊಂದು ಗಂಟೆಗಿಂತ ಹೆಚ್ಚಿರುವುದು ನಮ್ಮ ಭಾಗ್ಯ. ಆದರೆ ಬಾಗಿಲು, ಕಿಟಕಿ ಮುಚ್ಚಿ ಒಳಗೇ ಕುಳಿತರೆ ಆ ಭಾಗ್ಯದಿಂದ ಪ್ರಯೋಜನವಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಬೆಳಕಿನಲ್ಲಿ ಓಡಾಡಿ. ರಾತ್ರಿ ಕನಿಷ್ಠ ಏಳು ಗಂಟೆ ನಿದ್ರೆ ಮಾಡಿ. ಕಲಿತ ರಾಗ, ಕಲಿತ ಹೆಜ್ಜೆ ನೆನಪಿನಲ್ಲಿ ಗಟ್ಟಿಯಾಗಲು ನಿದ್ರೆಯೂ ಬೇಕು.

ವಿಶ್ರಾಂತಿ ಹೇಗಿರಬೇಕು?

* ಸದಾ ಮಲಗಿಯೇ ಇರುವುದು ವಿಶ್ರಾಂತಿಯಲ್ಲ. ದೀರ್ಘಕಾಲ ಮಲಗಿದರೆ ಸ್ನಾಯುಗಳು ಸೊರಗುತ್ತವೆ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ವೈದ್ಯರು ಒಪ್ಪಿದ ಮೇಲೆ ಪಾದಗಳನ್ನು ಆಡಿಸಿ, ಕೋಣೆಯಲ್ಲೇ ನಾಲ್ಕು ಹೆಜ್ಜೆ ನಡೆಯಿರಿ.

* ಗಂಟಲು ಕಟ್ಟಿದಾಗ ಹಾಡುವುದನ್ನು ನಿಲ್ಲಿಸಿ, ಮಾತನ್ನೂ ಕಡಿಮೆ ಮಾಡಿ. ಪಿಸುಮಾತೂ ಗಂಟಲಿಗೆ ಶ್ರಮವೇ. ಬೆಚ್ಚಗಿನ ನೀರನ್ನು ಆಗಾಗ ಕುಡಿಯಿರಿ.

* ಚಳಿಯೆಂದು ಕಿಟಕಿ ಮುಚ್ಚಿ ಟರ್ಪೆಂಟೈನ್, ತೈಲವರ್ಣ ಬಳಸಬೇಡಿ. ಅದರ ಆವಿ ಶ್ವಾಸಕೋಶಕ್ಕೆ ಹಾನಿಕರ, ತಲೆನೋವೂ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಒಲೆ ಇಡುವುದು ಪ್ರಾಣಾಪಾಯಕರ.

* ದಿನಕ್ಕೆ ಹದಿನೈದು ನಿಮಿಷದ ಹಗುರ ಕೆಲಸ ಸಾಕು. ಗಾಯಕರು ಒಳ್ಳೆಯ ಸಂಗೀತ ಕೇಳಲಿ, ಚಿತ್ರಕಾರರು ಪೆನ್ಸಿಲ್ಲಿನಿಂದ ಗೀಚಲಿ. ಸುಸ್ತಾದೊಡನೆ ನಿಲ್ಲಿಸಿ. ಬಿಟ್ಟ ಅಭ್ಯಾಸವನ್ನು ಒಂದೇ ದಿನ ತುಂಬಿಕೊಳ್ಳಲು ಹೋಗದೆ, ದಿನದಿನಕ್ಕೆ ಸ್ವಲ್ಪಸ್ವಲ್ಪ ಹೆಚ್ಚಿಸಿ.

ವೈದ್ಯರನ್ನು ಯಾವಾಗ ಕಾಣಬೇಕು?

ಎರಡು ವಾರ ದಾಟಿದರೂ ಕೆಮ್ಮು ಹೋಗದಿದ್ದರೆ ಕಫ ಪರೀಕ್ಷೆ ಮಾಡಿಸಿ. ಮೂರು ವಾರ ಕಳೆದರೂ ದನಿ ಒಡಕಾಗಿಯೇ ಇದ್ದರೆ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ದೊಡ್ಡ ಕಾಯಿಲೆಯ ಬಳಿಕ ಮನಸ್ಸೂ ಕುಗ್ಗುವುದುಂಟು. ಎರಡು ವಾರಗಳ ಕಾಲ ಪ್ರತಿದಿನ ಬೇಸರ, ಪ್ರಿಯವಾದ ಕಲೆಯಲ್ಲೂ ನಿರಾಸಕ್ತಿ, ನಿದ್ರೆ ಇಲ್ಲದಿರುವುದು ಕಂಡುಬಂದರೆ ಅದನ್ನು ಸೋಮಾರಿತನವೆಂದು ತಿಳಿಯಬೇಡಿ. ಅದು ಖಿನ್ನತೆಯಾಗಿರಬಹುದು, ಅದಕ್ಕೆ ಚಿಕಿತ್ಸೆ ಇದೆ. ಬದುಕೇ ಬೇಡವೆಂಬ ಮಾತು ಬಂದರೆ ಎರಡು ವಾರ ಕಾಯದೆ ಅಂದೇ ವೈದ್ಯರನ್ನು ಕಾಣಿರಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೂ ಉಚಿತವಾಗಿ ಕರೆ ಮಾಡಿ ಮಾತನಾಡಬಹುದು.

ಮನೆಯವರಿಗೆ ಒಂದು ಮಾತು

"ಎಷ್ಟು ದಿನ ಮಲಗಿರುತ್ತೀ, ಕಚೇರಿ ಹತ್ತಿರ ಬಂತಲ್ಲ" ಎಂದು ಅವಸರಪಡಿಸಬೇಡಿ. ಮತೀಸ್ ಅವರ ತಾಯಿ ಮಲಗಿದ್ದ ಮಗನಿಗೆ ಬಣ್ಣದ ಪೆಟ್ಟಿಗೆ ತಂದುಕೊಟ್ಟರು. ಬಿಸಿ ಊಟ, ಬೆಳಕು ಬೀಳುವ ಒಂದು ಮೂಲೆ, ನಿಶ್ಚಿಂತೆಯ ನಿದ್ರೆ, ಇಷ್ಟನ್ನು ನೀವು ಒದಗಿಸಿಕೊಡಿ. ಬಲ ಬಂದಂತೆಲ್ಲ ಕಲಾವಿದರು ತಮ್ಮ ಕೆಲಸಕ್ಕೆ ತಾವೇ ಮರಳುತ್ತಾರೆ.