ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಶಾಲೆಗೆ ಕಳುಹಿಸುವ ವಿಷಯ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಗಳಲ್ಲಿ ಮಗುವಿನ ಹೆಸರನ್ನು ಶಾಲೆಯಲ್ಲಿ ಬರೆಯಿಸದ ಕುಟುಂಬವು ಈಗ ಅಪೂರ್ವ. ಆದರೆ ಹೆಸರು ಬರೆಯಿಸಿದ ಮಗು ದಿನಾಲು ಹೋಗುತ್ತದೋ, ಗಂಟೆ ಹೊಡೆಯುವ ಮೊದಲೇ ಮುಟ್ಟುತ್ತದೋ ಎಂದು ಕೇಳಿದರೆ ಅನೇಕ ಮನೆಗಳಲ್ಲಿ ಉತ್ತರವು ತಡವರಿಸುವದು. ಪ್ರಿಯ ತಂದೆತಾಯಿಗಳೇ, ಈ ತಿಂಗಳು ಅದನ್ನೇ ವಿಚಾರಿಸೋಣ.

ಮೊದಲು ಲೆಕ್ಕ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ವರುಷಕ್ಕೆ ಕನಿಷ್ಠವಾಗಿ ಐದನೆಯ ತರಗತಿಯ ವರೆಗೆ 200 ದಿನ, 800 ತಾಸು. ಆರರಿಂದ ಎಂಟನೆಯದರ ವರೆಗೆ 220 ದಿನ, 1000 ತಾಸು ಪಾಠ ನಡೆಯತಕ್ಕದ್ದು. ಏಳನೆಯ ತರಗತಿಯ ಹುಡುಗನು ದಿನಾಲು ಅರ್ಧ ತಾಸು ತಡವಾಗಿ ಹೋದರೆ ವರುಷದಲ್ಲಿ 110 ತಾಸು ಕಳಕೊಂಡನು. ಹತ್ತರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಹೋಯಿತು. ಒಂದು ದಿನವೂ ತಪ್ಪಿಸಲಿಲ್ಲವೆಂದು ತಾಯಿ ಹೇಳುವದು ಸುಳ್ಳಲ್ಲ. ಆದರೆ ಹೋದದ್ದೆಲ್ಲಾ ಮೊದಲನೆಯ ಪಾಠದ್ದೇ. ಆ ಪಾಠವು ಗಣಿತವಾಗಿದ್ದರೆ ಹುಡುಗನು ವರುಷವೆಲ್ಲಾ ಗಣಿತದಲ್ಲಿ ದಡ್ಡನೆಂದು ಅನ್ನಿಸಿಕೊಳ್ಳುವನು.

ನಮ್ಮ ಸೀಮೆಯ ಮಕ್ಕಳಿಗೆ ಇನ್ನೊಂದು ನಷ್ಟವುಂಟು; ಅದು ಘಟ್ಟದ ಮೇಲಿನವರಿಗೆ ತಿಳಿಯದು. ಮನೆಯಲ್ಲಿ ತುಳು, ಅಂಗಳದಲ್ಲಿ ತುಳು. ಹೊಸ ಒಡಂಬಡಿಕೆಯು 1847ರಲ್ಲಿಯೇ ತುಳುವಿನಲ್ಲಿ ಅಚ್ಚಾಯಿತು. ಆದರೆ ಶಾಲೆಯ ಪುಸ್ತಕಗಳು ಕನ್ನಡದವು. ಚಿಕ್ಕ ಮಗುವಿಗೆ ಕನ್ನಡವು ಬರುವದು ಉಪಾಧ್ಯಾಯಿನಿಯ ಬಾಯಿಂದಲೇ ಹೊರತು ಅಜ್ಜಿಯ ಮಡಿಲಿನಿಂದಲ್ಲ. ತುಳುವಿನ ‘ಇಲ್ಲ್’ ಅಂದರೆ ಮನೆ, ಕನ್ನಡದ ‘ಇಲ್ಲ’ ಬೇರೆಯೇ. ತುಳುವಿನಲ್ಲಿ ‘ಬಲೆ’ ಅಂದರೆ ಬನ್ನಿರಿ, ಕನ್ನಡದಲ್ಲಿ ಮೀನು ಹಿಡಿಯುವ ಬಲೆ. ಒಂದನೆಯ ತರಗತಿಯ ಮಗು ಮದುವೆಗೆಂದು ಗುರುವಾರ ಶುಕ್ರವಾರ ನಿಂತು, ಶನಿವಾರ ಅರ್ಧ ದಿನವೇ ಅಲ್ಲವೇ ಎಂದು ಅದನ್ನೂ ಬಿಟ್ಟರೆ, ಭಾನುವಾರ ಸೇರಿ ನಾಲ್ಕು ದಿನ ಆ ಕಿವಿಗೆ ಪಾಠದ ಕನ್ನಡವೇ ಬೀಳಲಿಲ್ಲ. ಸೋಮವಾರ ಬಾಯಿ ತೆರೆಯದೆ ಕೂತಿರುವ ಮಗುವನ್ನು ಮಂದಬುದ್ಧಿಯದೆಂದು ತಿಳಿಯಬಾರದು. ಶನಿವಾರ ಶಾಲೆಯು ಬೇಗನೆ ಆರಂಭವಾಗುವದರಿಂದ ತಪ್ಪುವ ಮಕ್ಕಳು ಅಂದೇ ಹೆಚ್ಚು.

ಕಾರಣಗಳನ್ನು ನಾವು ಅರಿಯದವರಲ್ಲ. ತೋಡು ತುಂಬಿ ಹರಿಯುವಾಗ ಅಡಿಕೆಮರದ ಕಾಲುಸಂಕದ ಮೇಲೆ ಮಗುವನ್ನು ದಾಟಿಸಿರೆಂದು ಯಾರೂ ಕೇಳುವದಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಕಡೆ ನೀರು ಏನು ಮಾಡಿತೆಂಬದು ಬೆಳ್ತಂಗಡಿಯವರಿಗೆ ನೆನಪುಂಟು. ಅಂಥ ದಿನ ಮನೆಯಲ್ಲಿಟ್ಟುಕೊಳ್ಳುವದೇ ಸರಿ. ಆದರೆ ಜಿಲ್ಲಾಧಿಕಾರಿಯವರು ರಜೆ ಕೊಡುವ ಮೊದಲೇ ಮೊಬೈಲಿನಲ್ಲಿ ಯಾರೋ ಹರಡಿದ ಸುದ್ದಿಯನ್ನು ನಂಬಿ, ಬಿಸಿಲು ಬಿದ್ದ ದಿನವೂ ಮಕ್ಕಳನ್ನು ನಿಲ್ಲಿಸುವದು ಎಂಥ ಜಾಗ್ರತೆ?

ಬೀಡಿ ಕಟ್ಟುವ ಮನೆಗಳ ಮಾತು ಬೇರೆ. ಬ್ರಾಂಚಿಗೆ ಬೀಡಿ ಕೊಡುವ ಹೊತ್ತನ್ನು ಆ ತಾಯಂದಿರು ತಪ್ಪಿಸುವದಿಲ್ಲ; ಆದಕಾರಣ ಹೊತ್ತು ನೋಡಲು ನಮ್ಮವರಿಗೆ ಬಾರದೆಂದು ಹೇಳಕೂಡದು. ಆದರೆ ಎಲೆ ಕತ್ತರಿಸಲಿಕ್ಕೆ, ನೂಲು ಕಟ್ಟಲಿಕ್ಕೆ, ತಮ್ಮನನ್ನು ನೋಡಿಕೊಳ್ಳಲಿಕ್ಕೆ ಮನೆಯಲ್ಲಿ ನಿಲ್ಲುವವಳು ಬಹಳ ಮಟ್ಟಿಗೆ ದೊಡ್ಡ ಮಗಳೇ. ವಾರಕ್ಕೆ ಒಂದೇ ದಿನವಲ್ಲವೇ ಅನ್ನುತ್ತಾರೆ. ವಾರಕ್ಕೆ ಒಂದು ದಿನವೆಂದರೆ ವರುಷಕ್ಕೆ ಹೆಚ್ಚುಕಡಿಮೆ 40 ದಿನ. ಅದರ ಮೇಲೆ ಮಳೆಗಾಲದ ಜ್ವರಕ್ಕೆ ಎರಡು ವಾರ ಬಿದ್ದರೆ, ಹತ್ತನೆಯ ತರಗತಿಯ ಪರೀಕ್ಷೆಗೆ ಬೇಕಾಗಿರುವ ನೂರಕ್ಕೆ 75 ಹಾಜರಿಯ ಅಂಚಿಗೆ ಅವಳು ಬಂದು ನಿಂತಳು. ಆ ವರುಷ ಪರೀಕ್ಷೆ ತಪ್ಪಿದ ಹುಡುಗಿಯು ತಿರಿಗಿ ಶಾಲೆಗೆ ಹೋಗುವದು ಎಷ್ಟು ಕಷ್ಟವೆಂದು ನೀವೇ ಬಲ್ಲಿರಿ.

ಮಗುವನ್ನು ನಿಲ್ಲಿಸಲೇ ಬೇಕಾದರೆ ಎರಡು ಸಾಲಿನ ಚೀಟಿಯನ್ನು ನೆರೆಮನೆಯ ಮಗುವಿನ ಕೈಯಲ್ಲಿ ಕಳುಹಿಸಿರಿ; ಓದು ಬಾರದ ತಾಯಿಯು ಫೋನಿನಲ್ಲಿ ಹೇಳಲಿ. ಬೆಳಗಿನ ಹಾಜರಿಯನ್ನು ನೋಡಿಯೇ ಮಧ್ಯಾಹ್ನದ ಊಟಕ್ಕೆ ಅಕ್ಕಿ ಅಳೆಯುತ್ತಾರೆಂಬದನ್ನೂ ಮರೆಯಬೇಡಿರಿ. ಚೀಲ, ಕೊಡೆ, ಸಮವಸ್ತ್ರಗಳನ್ನು ರಾತ್ರಿಯೇ ತೆಗೆದಿಟ್ಟರೆ ಬೆಳಗಿನ ಗಲಿಬಿಲಿ ಅರ್ಧ ಇಳಿಯುವದು.

ಸಂಕದ ಸಂಗತಿಯನ್ನಾದರೋ ಮಳೆ ಬಿದ್ದ ಮೇಲೆ ಮಾತಾಡಿ ಫಲವಿಲ್ಲ. ಸರಕಾರಿ ಮತ್ತು ಅನುದಾನದ ಶಾಲೆಗಳ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಂದಿ ಪೋಷಕರೇ ಇರಬೇಕು, ಸಮಿತಿಯ ಅರ್ಧ ಜನ ಸ್ತ್ರೀಯರಿರಬೇಕು ಎಂದು ಅದೇ ಕಾಯಿದೆಯು ಹೇಳುತ್ತದೆ. ಅಲ್ಲಿ ಕೂತಿರುವ ಅಕ್ಕಂದಿರು ಮೇ ತಿಂಗಳ ಒಳಗೆ ಪಂಚಾಯತಿಗೆ ಅರ್ಜಿ ಬರೆದು, ಅದು ಮುಟ್ಟಿದ್ದಕ್ಕೆ ರಶೀದಿ ತೆಗೆದುಕೊಳ್ಳಲಿ.