ಬೆಳಕನ್ನು ಮೀರಿ ಓಡುವುದುಂಟೆ?

ನಮ್ಮ ಶಾಲೆಯ 2011-12ನೆಯ ಸಾಲಿನ ಹತ್ತನೆಯ ತರಗತಿಯ ವಿದ್ಯಾರ್ಥಿನಿಯರಿಗೆ ನಾವು ಒಂದು ತಿದ್ದುಪಡಿಯನ್ನು ಸಲ್ಲಿಸಬೇಕಾಗಿದೆ. ಆ ಸೆಪ್ಟೆಂಬರ್ ತಿಂಗಳಲ್ಲಿ ವರ್ತಮಾನಪತ್ರಿಕೆಯನ್ನು ಹಿಡಿದುಕೊಂಡು ತರಗತಿಗೆ ಬಂದು, ಬೆಳಕಿಗಿಂತಲೂ ವೇಗವುಳ್ಳ ಕಣಗಳು ಸಿಕ್ಕಿದುವೆಂದೂ, ಐನ್‌ಸ್ಟೈನರು 1905ರಲ್ಲಿ ಪ್ರಕಟಿಸಿದ ಸಾಪೇಕ್ಷತಾ ಸಿದ್ಧಾಂತವು ಬಿದ್ದುಹೋಯಿತೆಂದೂ ನಾವು ಉತ್ಸಾಹದಿಂದ ನುಡಿದೆವು. ಅದು ಆತುರದ ಮಾತು.

ಶೂನ್ಯದಲ್ಲಿ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಸಾಗುವುದು. ದ್ರವ್ಯರಾಶಿಯುಳ್ಳ ವಸ್ತುವು ಆ ವೇಗವನ್ನು ಸಮೀಪಿಸಿದಷ್ಟೂ, ಅದನ್ನು ಇನ್ನಷ್ಟು ಮುಂದೂಡಲು ಬೇಕಾಗುವ ಶಕ್ತಿಯು ಮಿತಿಯಿಲ್ಲದೆ ಬೆಳೆಯುವುದಾದುದರಿಂದ, ಅದು ಆ ಎಲ್ಲೆಯನ್ನು ಎಂದಿಗೂ ಮುಟ್ಟಲಾರದು. ಸುದ್ದಿಯಾದರೂ ಬೆಳಕಿಗಿಂತ ಬೇಗ ತಲುಪುವುದಾದರೆ, ಕೆಲವು ವೀಕ್ಷಕರ ಪಾಲಿಗೆ ಕಾಗದ ಬರೆಯುವುದಕ್ಕೆ ಮುಂಚೆಯೇ ಅದು ಕೈಸೇರಿದಂತಾಗುವುದು!

ಆಗ ಹಿಂದಿನ ಬೆಂಚಿನಿಂದ ಒಬ್ಬಳು, “ಟೀಚರಮ್ಮಾ, ದೀಪದ ಕಿರಣವನ್ನು ಚಂದ್ರನ ಮೇಲೆ ಬಿಟ್ಟು ಕೈಯನ್ನು ಸರಕ್ಕನೆ ತಿರುಗಿಸಿದರೆ ಆ ಚುಕ್ಕೆ ಬೆಳಕನ್ನೂ ಮೀರಿ ಓಡದೆ?” ಎಂದು ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಚಂದ್ರನ ಅಡ್ಡಳತೆ 3,476 ಕಿಲೋಮೀಟರು. ಚುಕ್ಕೆಯು ಅದನ್ನು ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ದಾಟಿದರೆ ಬೆಳಕನ್ನು ಮೀರಿದಂತೆಯೇ ಸರಿ. ಆದರೆ ಅಲ್ಲಿ ಈ ಅಂಚಿನಿಂದ ಆ ಅಂಚಿಗೆ ಹೋದ ವಸ್ತುವೇ ಇಲ್ಲ. ಕ್ಷಣಕ್ಷಣಕ್ಕೂ ಹೊಸ ಬೆಳಕು ಭೂಮಿಯಿಂದ ಹೋಗಿ ಬೇರೆ ಬೇರೆ ಸ್ಥಳಕ್ಕೆ ಬೀಳುವುದು, ಅಷ್ಟೆ. ನೀರಿನೊಳಗೆ ಬೆಳಕು ನಿಧಾನಿಸುವುದರಿಂದ ಎಲೆಕ್ಟ್ರಾನುಗಳು ಅಲ್ಲಿ ಅದನ್ನು ಹಿಂದೆ ಹಾಕಬಲ್ಲವು, ಅದೂ ನಿಯಮಭಂಗವಲ್ಲ.

ಇನ್ನು ಆ ಕಣಗಳ ವಿಷಯ. ಅವು ನ್ಯೂಟ್ರಿನೊಗಳು. (ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿಯೇ ಗುರುತಿಸಿದ್ದರು.) ಜಿನೀವಾ ಬಳಿಯಿಂದ ಹೊರಟು, ನೆಲದೊಳಗೆ ಸುಮಾರು 730 ಕಿಲೋಮೀಟರು ನುಸುಳಿ, ಇಟಲಿಯ ಗ್ರಾನ್ ಸಾಸ್ಸೊ ಪ್ರಯೋಗಶಾಲೆಗೆ ಬೆಳಕಿಗಿಂತ 60 ನ್ಯಾನೊಸೆಕೆಂಡು, ಅಂದರೆ ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅಂತಹ 60 ಪಾಲು, ಮುಂಚಿತವಾಗಿ ಬಂದಂತೆ ಲೆಕ್ಕ ತೋರಿತು. ಅಳೆದವರು ಜಯಘೋಷ ಮಾಡಲಿಲ್ಲ. ತಪ್ಪನ್ನು ಹುಡುಕಿಕೊಡಿರೆಂದು ಲೋಕದ ವಿಜ್ಞಾನಿಗಳನ್ನೇ ಬೇಡಿದರು. ಘೋಷಿಸಿದವರು ನಮ್ಮಂತಹವರು. 1912ರಲ್ಲಲ್ಲ, 2012ರಲ್ಲಿ, ಇಷ್ಟೆಲ್ಲ ಸೂಕ್ಷ್ಮ ಯಂತ್ರಗಳ ನಡುವೆ, ಕಾಲವನ್ನು ತಿಳಿಸುವ ಗಾಜಿನೆಳೆಯ ತಂತಿಯೊಂದು ಸರಿಯಾಗಿ ಬಿಗಿದಿರಲಿಲ್ಲವೆಂಬುದು ಹೊರಬಿತ್ತು. ಮರಳಿ ಅಳೆದಾಗ ಕಣಗಳು ಬೆಳಕನ್ನು ಮೀರಲಿಲ್ಲವೆಂಬುದು ಆ ಜೂನ್ ತಿಂಗಳಲ್ಲಿ ಸ್ಥಿರವಾಯಿತು.

ಆ ವೇಳೆಗೆ ನೀವು ಪರೀಕ್ಷೆ ಮುಗಿಸಿ ಶಾಲೆಯನ್ನು ಬಿಟ್ಟಿದ್ದಿರಿ. ಆ ವರ್ಷದ ಟಿಪ್ಪಣಿ ಪುಸ್ತಕವು ಯಾರ ಮನೆಯಲ್ಲಾದರೂ ಉಳಿದಿದ್ದರೆ, ನಾವು ಬರೆಯಿಸಿದ ಆ ಪಂಕ್ತಿಯ ಮೇಲೆ ದಯಮಾಡಿ ಒಂದು ಗೆರೆಯನ್ನೆಳೆಯಿರಿ.