ಪ್ರಬಂಧವನ್ನು ಬರೆಯುವುದೂ ಸಭೆಯಲ್ಲಿ ಓದುವುದೂ
(ಅಂತಿಮ ಬಿ.ಎ. ವಿದ್ಯಾರ್ಥಿ, ಇಲವಾಲ)

ಸಂಪ್ರಬಂಧ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರಿಗೆ ಎದೆ ಡವಗುಟ್ಟುವುದುಂಟು. ಪರೀಕ್ಷೆಯಲ್ಲಾದರೆ ಪ್ರಶ್ನೆ ಕೇಳುವವರು ಬೇರೆ, ಉತ್ತರ ಬರೆಯುವವರು ಬೇರೆ. ಸಂಪ್ರಬಂಧದಲ್ಲಿ ಪ್ರಶ್ನೆಯನ್ನು ಹಾಕಿಕೊಳ್ಳಬೇಕಾದವರೂ ನಾವೇ, ಉತ್ತರವನ್ನು ಹುಡುಕಬೇಕಾದವರೂ ನಾವೇ. ಮನೆಯಲ್ಲಿ ಯಾರನ್ನಾದರೂ ಕೇಳೋಣವೆಂದರೆ, ನನ್ನಂಥವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇಲ್ಲ. ಅಪ್ಪನಿಗೆ ರುಜು ಹಾಕಲು ಬರುತ್ತದೆ. ಅವ್ವನಿಗೆ ಅದೂ ಬಾರದು. ಹಾಗೆಂದು ಅವರಿಂದ ನನಗೆ ಸಹಾಯವಾಗಲಿಲ್ಲವೆಂದು ಹೇಳಲಾರೆ. ಆ ವಿಷಯ ಮುಂದೆ ಬರುತ್ತದೆ.

ಗುರುಗಳಿರುವ ಈ ಪತ್ರಿಕೆಯಲ್ಲಿ ಬರವಣಿಗೆಯ ವಿಚಾರವಾಗಿ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಎಡವಿದವನಿಗೆ ಕಲ್ಲು ಎಲ್ಲಿದೆಯೆಂಬುದು ಚೆನ್ನಾಗಿ ಗೊತ್ತಿರುತ್ತದಷ್ಟೆ. ಆ ಮಟ್ಟಿಗೆ ಗೆಳೆಯರಿಗೆ ನಾಲ್ಕು ಮಾತು ಹೇಳಬಹುದೆಂದು ತೋರಿತು.

ನಮ್ಮೂರು ಇಲವಾಲ ಮೈಸೂರಿನಿಂದ ಹುಣಸೂರಿಗೆ ಹೋಗುವ ರಸ್ತೆಯಲ್ಲಿದೆ. 1957ರ ಸೆಪ್ಟೆಂಬರ್ 21 ಮತ್ತು 22ರಂದು ಇಲ್ಲಿ ಅಖಿಲ ಭಾರತ ಗ್ರಾಮದಾನ ಸಮ್ಮೇಳನ ನಡೆಯಿತು. ಸರ್ವ ಸೇವಾ ಸಂಘದವರು ಕರೆದ ಆ ಸಭೆಗೆ ಆಚಾರ್ಯ ವಿನೋಬಾ ಭಾವೆಯವರು, ರಾಷ್ಟ್ರಪತಿ ರಾಜೇಂದ್ರ ಪ್ರಸಾದರು, ಪ್ರಧಾನಿ ನೆಹರೂ, ಜಯಪ್ರಕಾಶ ನಾರಾಯಣರು ಬಂದಿದ್ದರು. ಆಗ ಕೇರಳದಲ್ಲಿ ಕಮ್ಯೂನಿಸ್ಟ್ ಸರ್ಕಾರದ ಮುಖ್ಯಮಂತ್ರಿಯಾಗಿದ್ದ ಇ.ಎಂ.ಎಸ್. ನಂಬೂದಿರಿಪಾದರೂ ಬಂದಿದ್ದರು. ಇಂಥವರೆಲ್ಲ ಒಂದೇ ಕಡೆ ಕುಳಿತು ಹಳ್ಳಿಯ ಜಮೀನಿನ ಮಾತನ್ನಾಡಿದ ಊರು ನಮ್ಮದು. ವಿಚಾರ ಸಂಕಿರಣಕ್ಕೆ ಪ್ರಬಂಧ ಬರೆಯಬೇಕೆಂದು ಅಧ್ಯಾಪಕರು ಹೇಳಿದಾಗ ಈ ವಿಷಯವನ್ನೇ ಆರಿಸಿಕೊಂಡೆ.

ಮೊದಲ ಕರಡು ಹದಿನಾಲ್ಕು ಪುಟವಾಯಿತು. ಅದರಲ್ಲಿ ಹನ್ನೊಂದು ಪುಟ ಪುಸ್ತಕಗಳಿಂದ ಎತ್ತಿದ್ದು: 1951ರಲ್ಲಿ ಪೋಚಂಪಳ್ಳಿಯಲ್ಲಿ ಭೂದಾನ ಮೊದಲಾದದ್ದು, ಮರುವರ್ಷ ಉತ್ತರ ಪ್ರದೇಶದ ಮಂಗ್ರೋಠ್ ಎಂಬ ಹಳ್ಳಿ ಮೊದಲ ಗ್ರಾಮದಾನವಾದದ್ದು, ವಿನೋಬಾ ಅವರ ಜೀವನ ಚರಿತ್ರೆ, ಗಾಂಧೀಜಿಯವರ ವಿಚಾರ, ಹೀಗೆ. ಕೊನೆಯ ಮೂರು ಪುಟ ಮಾತ್ರ ನಮ್ಮೂರಿನವರನ್ನು ಕೇಳಿ ಬರೆದದ್ದು. ಪುಸ್ತಕದ ಮಾತಿಗೆ ತೂಕ ಹೆಚ್ಚು, ಊರಿನವರ ಮಾತು ಬಾಲಕ್ಕೆ ಸಾಕು ಎಂದು ನನ್ನ ಎಣಿಕೆ. ಆ ಹನ್ನೊಂದು ಪುಟದಲ್ಲಿರುವುದನ್ನು ಯಾರು ಬೇಕಾದರೂ ಗ್ರಂಥಾಲಯದಲ್ಲಿ ಓದಿಕೊಳ್ಳಬಹುದು, ಇಲವಾಲದವನೇ ಬರೆಯಬೇಕಾಗಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಭಾಷೆಯ ಅವಸ್ಥೆಯನ್ನು ಕೇಳಬೇಡಿ. ಒಂದು ವಾಕ್ಯವನ್ನು ನಾಚಿಕೆಯಿಲ್ಲದೆ ಇಲ್ಲಿ ಕೊಡುತ್ತೇನೆ: ‘ಭೂಸಂಬಂಧಿತ ಸಾಮಾಜಿಕ ಅಸಮಾನತೆಯ ನಿವಾರಣೋಪಾಯವಾಗಿ ಗ್ರಾಮದಾನ ಪರಿಕಲ್ಪನೆಯ ಅನುಷ್ಠಾನದ ಅನಿವಾರ್ಯತೆಯು ಪ್ರತಿಪಾದಿಸಲ್ಪಟ್ಟಿತು.’ ಇದನ್ನು ಬರೆದ ರಾತ್ರಿ ನನಗೆ ಬಹಳ ಹೆಮ್ಮೆಯಾಗಿತ್ತು. ಗಟ್ಟಿಯಾಗಿ ಓದುತ್ತಿದ್ದೆ, ಅವ್ವ ಅವರೆಕಾಯಿ ಸುಲಿಯುತ್ತ ಕೂತಿದ್ದರು. “ಅದ್ಯಾರ್ ಹೇಳಿದ್ದು ಮಗ? ಹೆಸ್ರೇ ಬರ್ಲಿಲ್ವಲ್ಲ” ಎಂದರು. ನಾನು ಮತ್ತೆ ನೋಡಿದೆ. ನಿಜವಾಗಿಯೂ ಆ ವಾಕ್ಯದಲ್ಲಿ ಮನುಷ್ಯರೇ ಇರಲಿಲ್ಲ. ಪ್ರತಿಪಾದಿಸಿದವರು ವಿನೋಬಾ ಅವರೋ, ನೆಹರೂ ಅವರೋ, ಇಡೀ ಸಭೆಯೋ? ಉತ್ತರ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ‘ಪ್ರತಿಪಾದಿಸಲ್ಪಟ್ಟಿತು’ ಎಂಬ ಕ್ರಿಯಾಪದ ಮುಚ್ಚಿಟ್ಟಿತ್ತು. ಮತ್ತೆ ಆಕರಗಳನ್ನು ನೋಡಿ, ಹೀಗೆ ತಿದ್ದಿದೆ: ‘ಊರಿನ ಜಮೀನು ಊರಿಗೇ ಸೇರಬೇಕೆಂದು ವಿನೋಬಾ ಹೇಳುತ್ತ ಬಂದಿದ್ದರು. ಸಮ್ಮೇಳನದಲ್ಲಿ ಸೇರಿದ ಬೇರೆಬೇರೆ ಪಕ್ಷಗಳ ನಾಯಕರು ಆ ಕೆಲಸವನ್ನು ಮೆಚ್ಚಿ, ಸರ್ಕಾರದ ಸಮುದಾಯ ಅಭಿವೃದ್ಧಿ ಯೋಜನೆಯೂ ಗ್ರಾಮದಾನದ ಕೆಲಸವೂ ಒಂದಕ್ಕೊಂದು ಕೈಗೂಡಿಸಬೇಕೆಂದು ಹೇಳಿಕೆ ಕೊಟ್ಟರು.’ ಎರಡನೆಯದು ಉದ್ದವಾಯಿತು, ನಿಜ. ಆದರೆ ಅದರಲ್ಲಿ ಯಾರು ಏನು ಹೇಳಿದರೆಂಬುದಿದೆ; ತಪ್ಪಾಗಿದ್ದರೆ ಓದಿದವರು ತಪ್ಪೆಂದು ತೋರಿಸಬಹುದು. ‘ಲ್ಪಟ್ಟಿತು’ ಬಂದ ಕಡೆಯೆಲ್ಲ ನಿಂತು ‘ಯಾರು?’ ಎಂದು ಕೇಳಿಕೊಳ್ಳುವುದು ಅಂದಿನಿಂದ ನನಗೆ ಅಭ್ಯಾಸವಾಗಿದೆ.

ತಪ್ಪೆಂದು ತೋರಿಸಲು ಬರುವಂತೆ ಬರೆಯುವುದು ಅವಮಾನವಲ್ಲ. ಇದಕ್ಕೆ ಮೈಸೂರಿನಲ್ಲಿಯೇ ದೊಡ್ಡ ಉದಾಹರಣೆಯಿದೆ. 1891ರಲ್ಲಿ ಸ್ಥಾಪನೆಯಾದ ಇಲ್ಲಿಯ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ಓಲೆಗರಿಯ ಕಟ್ಟನ್ನು ತಂದುಕೊಟ್ಟರು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಗುರುತಿಸಿದರು. 1905ರಿಂದಲೇ ಅನುವಾದದ ಭಾಗಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸುತ್ತ ಬಂದು, 1909ರಲ್ಲಿ ಸಂಸ್ಕೃತ ಮೂಲವನ್ನೂ 1915ರಲ್ಲಿ ಪೂರ್ಣ ಇಂಗ್ಲಿಷ್ ಅನುವಾದವನ್ನೂ ಅಚ್ಚು ಹಾಕಿಸಿದರು. ಓಲೆಗರಿ ತಂಜಾವೂರಿನ ಪಂಡಿತರಿಂದ ಬಂದದ್ದೆಂಬುದನ್ನು ಶಾಸ್ತ್ರಿಗಳು ಮುಚ್ಚಿಡಲಿಲ್ಲ. ಮುಂದೆ ಬೇರೆ ಪ್ರತಿಗಳು ದೊರೆತವು. ತಿರುವನಂತಪುರದಲ್ಲಿ ಗಣಪತಿ ಶಾಸ್ತ್ರಿಗಳು, ಆಮೇಲೆ ಮುಂಬಯಿಯಲ್ಲಿ ಆರ್.ಪಿ. ಕಾಂಗ್ಲೆಯವರು ಬೇರೆ ಪರಿಷ್ಕರಣಗಳನ್ನು ತಂದರು. ಅನೇಕ ಕಡೆ ಪಾಠ ತಿದ್ದಿತು. ಅದರಿಂದ ಶಾಮಶಾಸ್ತ್ರಿಗಳ ಹೆಸರಿಗೆ ಕುಂದಾಯಿತೆ? ಯಾವ ಆಧಾರದ ಮೇಲೆ ನಿಂತು ಬರೆದರೆಂಬುದು ತಿಳಿದಿದ್ದುದರಿಂದಲೇ ಮುಂದಿನವರು ತಮ್ಮ ಪ್ರತಿಗಳನ್ನು ಅದರ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಯಿತು.

ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯನ್ನೂ ಗೆಳೆಯರು ಒಮ್ಮೆ ತೆರೆದು ನೋಡಬೇಕು. ಅದರ ಮೊದಲ ಸಂಪುಟ 1907ರಲ್ಲಿ, ಮೂರನೆಯದು 1929ರಲ್ಲಿ ಬಂತು. ಪರೀಕ್ಷೆಗಾಗಿ ನಾವು ಅದರಿಂದ ಕವಿಯ ಕಾಲವನ್ನಷ್ಟೇ ಬರೆದುಕೊಳ್ಳುತ್ತೇವೆ. ಆ ಕಾಲವನ್ನು ಹೇಗೆ ನಿರ್ಣಯಿಸಿದರೆಂಬ ಭಾಗವನ್ನು ಬಿಟ್ಟುಬಿಡುತ್ತೇವೆ. ಈ ಕವಿ ಇಂಥವರನ್ನು ಸ್ಮರಿಸಿದ್ದಾನೆ, ಆದ್ದರಿಂದ ಅವರಿಗಿಂತ ಈಚಿನವನು. ಇಂಥವರು ಇವನನ್ನು ಸ್ಮರಿಸಿದ್ದಾರೆ, ಆದ್ದರಿಂದ ಅವರಿಗಿಂತ ಹಿಂದಿನವನು ಎಂಬ ನಡಿಗೆಯೇ ನಾವು ಕಲಿಯಬೇಕಾದದ್ದು. ಕಾಲ ಎಷ್ಟೆಂಬುದು ಬದಲಾದರೂ ಆ ನಡಿಗೆ ಹಳತಾಗುವುದಿಲ್ಲ.

ಇನ್ನು ನಮ್ಮ ಬೀದಿಯ ತಾತನ ವಿಷಯ. ಸಮ್ಮೇಳನ ನಡೆದಾಗ ಅವರಿಗೆ ಐದೋ ಆರೋ ವರ್ಷ. ರಸ್ತೆಯ ಅಂಚಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೆಹರೂ ಅವರನ್ನು ನೋಡಿದೆನೆಂದೂ ಸಭೆ ಮೂರು ದಿನ ನಡೆಯಿತೆಂದೂ ಹೇಳಿದರು. ಪುಸ್ತಕಗಳಲ್ಲಿ ಎರಡು ದಿನವೆಂದಿದೆ. ನಾನು ಕರಡಿನಲ್ಲಿ ‘ಈ ಹೇಳಿಕೆ ತಪ್ಪು’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದೆ. ಅಧ್ಯಾಪಕರು ಆ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದರು: ‘ಅವರು ಕಂಡದ್ದೆಷ್ಟು, ಕೇಳಿದ್ದೆಷ್ಟು?’ ಇದು ಬಹಳ ಸೂಕ್ಷ್ಮವಾದ ಪ್ರಶ್ನೆ. ಐದು ವರ್ಷದ ಹುಡುಗನಿಗೆ ಹೆಗಲ ಮೇಲೆ ಕೂತದ್ದು ನೆನಪಿರಬಹುದು. ಸಭೆ ಎಷ್ಟು ದಿನ ನಡೆಯಿತೆಂಬುದನ್ನು ಮುಂದೆ ಯಾರೋ ಮನೆಯಲ್ಲಿ ಆಡಿದ ಮಾತಿನಿಂದ ತಿಳಿದಿರಬಹುದು. ಎರಡಕ್ಕೂ ಒಂದೇ ಬೆಲೆ ಕಟ್ಟಿ, ಒಂದು ತಪ್ಪಾದ್ದರಿಂದ ಇನ್ನೊಂದನ್ನೂ ತಳ್ಳಿಹಾಕುವುದು ಸರಿಯಲ್ಲ.

ಸಂಕಿರಣದ ದಿನ ಆದದ್ದನ್ನು ಹೇಳಲು ಈಗಲೂ ಮನಸ್ಸು ಹಿಂಜರಿಯುತ್ತದೆ. ಒಬ್ಬೊಬ್ಬರಿಗೆ ಹನ್ನೆರಡು ನಿಮಿಷವೆಂದು ಮೊದಲೇ ತಿಳಿಸಿದ್ದರು. ಹದಿನಾಲ್ಕು ಪುಟವನ್ನು ಹನ್ನೆರಡು ನಿಮಿಷದಲ್ಲಿ ಓದಲಾದೀತೆ ಎಂದು ಒಮ್ಮೆಯಾದರೂ ಗಡಿಯಾರ ಹಿಡಿದು ನೋಡಲಿಲ್ಲ. ತಲೆ ಎತ್ತದೆ ಓದಿದೆ. ಹಿಂದಿನ ಪರದೆಯ ಮೇಲೂ ಅವೇ ವಾಕ್ಯಗಳನ್ನು ತುಂಬಿಸಿದ್ದೆ. ಸಭೆಯವರು ನನ್ನನ್ನು ಕೇಳಬೇಕೋ ಪರದೆಯನ್ನು ಓದಬೇಕೋ ತಿಳಿಯದೆ ಎರಡನ್ನೂ ಬಿಟ್ಟರು. ಆರನೆಯ ಪುಟದಲ್ಲಿದ್ದಾಗ ಗಂಟೆ ಹೊಡೆಯಿತು. ‘ಸಮಯದ ಅಭಾವದಿಂದ’ ಎಂದು ತೊದಲಿ, ವಂದಿಸಿ ಕೆಳಗಿಳಿದೆ. ಕೊನೆಯ ಸಾಲಿನಲ್ಲಿ ತಾತ ಕೂತಿದ್ದರು. ತನ್ನ ಮಾತನ್ನು ಕಾಲೇಜಿನಲ್ಲಿ ಓದುತ್ತಾರಂತೆ ಎಂದು ಬಿಳಿ ಪಂಚೆಯುಟ್ಟು ಬಸ್ಸಿನಲ್ಲಿ ಬಂದಿದ್ದರು. ಅವರ ಮಾತಿದ್ದುದು ಹನ್ನೆರಡನೆಯ ಪುಟದಲ್ಲಿ. ಹಿಂತಿರುಗುವಾಗ ಬಸ್ಸಿನಲ್ಲಿ “ನಂದು ಬರ್ಲೇ ಇಲ್ವಲ್ಲ ಮಗ” ಎಂದಷ್ಟೇ ಹೇಳಿ ಕಿಟಕಿಯಾಚೆ ನೋಡುತ್ತ ಕುಳಿತರು.

ನನಗೆ ಅಂಕ ಎಷ್ಟು ಬಂತೆಂಬುದು ಮರೆತೇಹೋಗಿದೆ. ಆ ಮಾತು ಮರೆತಿಲ್ಲ.

ಆಮೇಲೆ ಮನೆಯಲ್ಲಿ ಅಳತೆ ಮಾಡಿ ನೋಡಿದೆ. ನನ್ನ ಕೈಬರಹದ ಒಂದು ಪುಟವನ್ನು ಕೇಳುವವರಿಗೆ ತಿಳಿಯುವಂತೆ ಓದಲು ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ಎಂದರೆ ಹನ್ನೆರಡು ನಿಮಿಷಕ್ಕೆ ಐದು ಪುಟ. ಬರೆದ ಪ್ರಬಂಧವೇ ಬೇರೆ, ಓದುವ ಪ್ರಬಂಧವೇ ಬೇರೆ. ಬರೆದದ್ದನ್ನು ಓದುಗನು ಹಿಂದಕ್ಕೆ ತಿರುಗಿಸಿ ನೋಡಬಲ್ಲ. ಕೇಳುವವನಿಗೆ ಆ ಸೌಕರ್ಯವಿಲ್ಲ. ಆದ್ದರಿಂದ ನಮ್ಮದೇ ಆದದ್ದನ್ನು, ಬೇರೆಲ್ಲೂ ದೊರೆಯದ್ದನ್ನು ಮೊದಲು ಹೇಳಬೇಕು. ಪೋಚಂಪಳ್ಳಿಗೆ ಒಂದು ವಾಕ್ಯ ಸಾಕು. ಪರದೆಯ ಮೇಲೆ ಬಾಯಲ್ಲಿ ಹೇಳಲಾಗದ್ದನ್ನು, ಒಂದು ನಕ್ಷೆಯನ್ನೋ ಹಳೆಯ ಚಿತ್ರವನ್ನೋ ತೋರಿಸಿದರೆ ಅದಕ್ಕೊಂದು ಅರ್ಥವುಂಟು.

ಮಾತಿನಿಂದ ಬರಹವೂ ಬೆಳೆಯುತ್ತದೆ. ಮಹಾರಾಜಾ ಕಾಲೇಜಿನ ಎಂ. ಹಿರಿಯಣ್ಣನವರು 1932ರಲ್ಲಿ ಪ್ರಕಟಿಸಿದ ಭಾರತೀಯ ತತ್ತ್ವಶಾಸ್ತ್ರದ ಇಂಗ್ಲಿಷ್ ಗ್ರಂಥ ಮೈಸೂರಿನ ವಿದ್ಯಾರ್ಥಿಗಳಿಗೆ ಅವರು ವರ್ಷಾನುಗಟ್ಟಲೆ ಮಾಡಿದ ಪಾಠಗಳಿಂದ ಹುಟ್ಟಿದ್ದು. ಅಷ್ಟು ಕಠಿಣವಾದ ವಿಷಯ ಅಲ್ಲಿ ತಿಳಿಯಾಗಿರುವುದಕ್ಕೆ, ಎದುರಿಗೆ ಕೂತ ಹುಡುಗರಿಗೆ ಮತ್ತೆ ಮತ್ತೆ ಹೇಳಿದ್ದೂ ಒಂದು ಕಾರಣವಿರಬೇಕೆಂದು ನನ್ನ ಊಹೆ. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಹಿಂದೆ ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡುತ್ತಿದ್ದರು. ಅವು ಸಣ್ಣ ಪುಸ್ತಕಗಳಾಗಿಯೂ ಬರುತ್ತಿದ್ದವು. ಸಂತೆಗೆ ಬಂದವರೂ ಕೂತು ಕೇಳುವಂತೆ ವಿಜ್ಞಾನವನ್ನೋ ಚರಿತ್ರೆಯನ್ನೋ ಹೇಳಬೇಕಾದರೆ ವಿಷಯ ಹೇಳುವವನಿಗೆ ಎಷ್ಟು ಕರಗತವಾಗಿರಬೇಕು! ನನ್ನ ಪಾಲಿನ ಸಂತೆ ಅವ್ವನ ಮುಂದಿನ ಅವರೆಕಾಯಿಯ ಮೊರ.

ಇನ್ನೊಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ವಾಸವಾಗಿದ್ದು, ಕಂಡು ಕೇಳಿದ್ದನ್ನೆಲ್ಲ ಬರೆದುಕೊಂಡರು. ಆ ಹಳ್ಳಿಗೆ ತಮ್ಮ ಬರಹದಲ್ಲಿ ರಾಮಪುರವೆಂದು ಹೆಸರಿಟ್ಟರು. ವರ್ಷಗಳ ಮೇಲೆ ಆ ಟಿಪ್ಪಣಿಗಳನ್ನು ವಿಂಗಡಿಸಿ ಸಿದ್ಧಪಡಿಸಿ ಅಮೆರಿಕದ ಸ್ಟ್ಯಾನ್‌ಫರ್ಡಿಗೆ ಕೊಂಡೊಯ್ದಿದ್ದಾಗ, 1970ರ ಏಪ್ರಿಲ್ 24ರಂದು ಕಿಡಿಗೇಡಿಗಳು ಅಲ್ಲಿಯ ಕೊಠಡಿಗಳಿಗೆ ಬೆಂಕಿಯಿಟ್ಟರು. ಸಿದ್ಧಪಡಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಅಲ್ಲಿಯೇ ಇದ್ದವು, ಮೂರೂ ಸುಟ್ಟವು. ನೆನಪಿನಿಂದಲೇ ಬರೆಯಿರೆಂದು ಸಾಲ್ ಟ್ಯಾಕ್ಸ್ ಎಂಬ ವಿದ್ವಾಂಸರು ಧೈರ್ಯ ಹೇಳಿದರು. ಹಾಗೆ ಬರೆದ ನೆನಪಿನ ಹಳ್ಳಿಯ ಪುಸ್ತಕ 1976ರಲ್ಲಿ ಹೊರಬಂತು. ಪ್ರತಿಗಳು ಮೂರಿದ್ದರೆ ಸಾಲದು, ಮೂರು ಜಾಗದಲ್ಲಿರಬೇಕು. ನನ್ನ ಟಿಪ್ಪಣಿಯ ಪುಸ್ತಕ ಮನೆಯಲ್ಲಿದೆ. ಅದರ ಚಿತ್ರಗಳು ಮೊಬೈಲಿನಲ್ಲಿವೆ. ಒಂದು ಪ್ರತಿ ಗೆಳೆಯನ ಬಳಿ ಇದೆ. ಆದರೆ ಆ ಕಥೆಯಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ಇದಲ್ಲ. ಟಿಪ್ಪಣಿ ಸುಟ್ಟಮೇಲೂ ಬರೆಯಬಲ್ಲಷ್ಟು ಆ ಹಳ್ಳಿ ಅವರ ಮನಸ್ಸಿನೊಳಗೆ ಇಳಿದಿತ್ತು. ನನ್ನ ಹನ್ನೊಂದು ಪುಟ ಸುಟ್ಟಿದ್ದರೆ ಒಂದು ಸಾಲೂ ನನಗೆ ನೆನಪಿರುತ್ತಿರಲಿಲ್ಲ.

ಕಳೆದ ಯುಗಾದಿಯ ಮರುದಿನ, ತಿದ್ದಿದ ಐದು ಪುಟಗಳನ್ನು ತೆಗೆದುಕೊಂಡು ತಾತನ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಓದಿದೆ. ಅವರ ಮಾತು ಈಗ ಮೊದಲ ಪುಟದಲ್ಲಿಯೇ ಇತ್ತು. ಕಣ್ಣು ಮುಚ್ಚಿ ಕೇಳುತ್ತಿದ್ದವರು ‘ಸಭೆ ಮೂರು ದಿನ ನಡೆಯಿತೆಂದು ಅವರು ಹೇಳುತ್ತಾರೆ, ಅಚ್ಚಾದ ದಾಖಲೆಗಳಲ್ಲಿ ಎರಡು ದಿನವೆಂದಿದೆ’ ಎಂಬಲ್ಲಿ ಕಣ್ಣು ತೆರೆದರು. ಕೋಪ ಬಂತೇನೋ ಎಂದು ನಾನು ನಿಲ್ಲಿಸಿದೆ.

“ಮೂರು ದಿನ ಅಂದಿದ್ದು ನಮ್ಮಪ್ಪ ಕಣೋ” ಎಂದರು. “ನಾನ್ ನೋಡಿದ್ದು ಒಂದೇ ಸಲ. ಹಂಗೇ ಬರ್ಕೋ.”

ಹಾಗೆಯೇ ಬರೆದುಕೊಂಡಿದ್ದೇನೆ.